ಸಂಸ್ಥಾವಿನ್ಯಾಸದ ನಿರೂಪಣೆಯಲ್ಲಿ ಆಂಟಾಲಜಿ: ಭೂದಾಖಲೆಗಳ ನಿದರ್ಶನದ ಮೂಲಕ ಒಂದು ವಿವೇಚನೆ

ಕರ್ನಾಟಕದ ಯಾವುದೇ ಹಳ್ಳಿಯ ಎರಡು ಎಕರೆ ಕೃಷಿಭೂಮಿಯು ಸರ್ಕಾರದ ಮೂರು ಇಲಾಖೆಗಳಲ್ಲಿ ಮೂರು ಬಗೆಯ ವಸ್ತುವಾಗಿ ದಾಖಲಾಗಿರುತ್ತದೆ. ಭೂಮಾಪನ ಇಲಾಖೆಗೆ ಅದು ಸರ್ವೆ ನಂಬರು, ಹಿಸ್ಸಾ ನಂಬರು, ಗಡಿಕಲ್ಲು ಮತ್ತು ಅಳತೆಗಳಿಂದ ಗುರುತಿಸಲಾದ ನೆಲದ ತುಂಡು. ಕಂದಾಯ ಇಲಾಖೆಗೆ ಅದು ಪಹಣಿಯ ಒಂದು ನಮೂದು; ಅದರ 9ನೆಯ ಅಂಕಣದಲ್ಲಿ ಸ್ವಾಧೀನದಾರನ ಹೆಸರು, 11ನೆಯದರಲ್ಲಿ ಋಣ ಹಾಗೂ ಇತರ ಹಕ್ಕುಗಳು, 12ನೆಯದರಲ್ಲಿ ಸಾಗುವಳಿಯ ವಿವರ ಇರುತ್ತವೆ. ನೋಂದಣಿ ಇಲಾಖೆಗೆ ಅದು ಕ್ರಯಪತ್ರದ ಷೆಡ್ಯೂಲಿನಲ್ಲಿ ಚಕ್ಕುಬಂದಿಯ ಮೂಲಕ ವರ್ಣಿತವಾದ ಸ್ವತ್ತು. ಮೂರೂ ಕಡೆ ಬಳಕೆಯಲ್ಲಿರುವ ಮಾತು ‘ಜಮೀನು’ ಎಂಬುದೇ ಆದರೂ ಆ ಮಾತು ಸೂಚಿಸುವ ವಸ್ತು ಒಂದೇ ಅಲ್ಲ. ಅಳತೆಯ ತುಂಡಿಗೆ ಗಡಿಯುಂಟು, ಮಾಲೀಕನಿಲ್ಲ. ಪಹಣಿಯ ನಮೂದಿಗೆ ಹೆಸರುಂಟು, ಗಡಿಯಿಲ್ಲ. ಕ್ರಯಪತ್ರದ ಸ್ವತ್ತಾದರೋ ಪತ್ರ ಬರೆದ ದಿನದ ನೆರೆಹೊರೆಯವರ ಹೆಸರುಗಳಲ್ಲಿ ಸಿಕ್ಕಿಕೊಂಡಿರುತ್ತದೆ.

ದಾಖಲೆಗಳು ಕಾಗದದ ಮೇಲಿದ್ದ ಕಾಲದಲ್ಲಿ ಈ ಭೇದ ಅಷ್ಟಾಗಿ ಬಾಧಿಸುತ್ತಿರಲಿಲ್ಲ. ಶಾನುಭೋಗನೋ, ಅವನ ಅನಂತರ ಬಂದ ಗ್ರಾಮಲೆಕ್ಕಿಗನೋ ಮೂರು ಬಗೆಯ ಕಾಗದಗಳನ್ನೂ ಓದಬಲ್ಲವನಾಗಿದ್ದ. ಯಾವ ಕ್ರಯಪತ್ರದ ‘ಪೂರ್ವಕ್ಕೆ ಹಳ್ಳ’ ಯಾವ ಹಿಸ್ಸೆಯ ಅಂಚು ಎಂಬ ತಿಳಿವಳಿಕೆ ಅವನ ನೆನಪಿನಲ್ಲಿತ್ತು. ಆ ನೆನಪಿನ ದುರುಪಯೋಗವೂ ಆಗುತ್ತಿತ್ತೆಂಬುದು ಬೇರೆ ಮಾತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ನೋಂದಣಿ ಕಚೇರಿಗಳಿಗೆ ‘ಕಾವೇರಿ’, ಭೂಮಾಪನಕ್ಕೆ ‘ಮೋಜಿಣಿ’ ಎಂಬ ತಂತ್ರಾಂಶಗಳು ಬಂದವು. ಇವುಗಳನ್ನು ಒಂದಕ್ಕೊಂದು ಜೋಡಿಸಬೇಕಾಗಿ ಬಂದಾಗ, ಗ್ರಾಮಲೆಕ್ಕಿಗನ ತಲೆಯಲ್ಲಿ ಮೌನವಾಗಿ ನಡೆಯುತ್ತಿದ್ದ ಅರ್ಥಾಂತರವನ್ನು ಯಾರಾದರೂ ಬಾಯಿಬಿಟ್ಟು ಹೇಳಲೇಬೇಕಾಯಿತು. ಯಂತ್ರಕ್ಕೆ ಹೇಳದೆ ಏನೂ ತಿಳಿಯದು.

ಸಂಸ್ಥೆಯೊಂದರಲ್ಲಿ ಏನೇನಿದೆ, ಅವುಗಳಲ್ಲಿ ಯಾವುದು ಯಾವುದರಿಂದ ಭಿನ್ನ, ಯಾವುದು ಯಾವುದನ್ನು ಆಧರಿಸಿದೆ ಎಂಬುದನ್ನು ಯಂತ್ರವೂ ಗ್ರಹಿಸಿ ತರ್ಕಿಸಬಲ್ಲ ರೀತಿಯಲ್ಲಿ ಹೇಳುವ ಪ್ರಯತ್ನವೇ ಸಂಸ್ಥಾವಿನ್ಯಾಸದಲ್ಲಿ ಆಂಟಾಲಜಿಯ ಬಳಕೆ. ಭೂದಾಖಲೆಗಳನ್ನು ಇಲ್ಲಿ ವಿವರಣೆಯ ಸೌಲಭ್ಯಕ್ಕಾಗಿ ನಿದರ್ಶನವನ್ನಾಗಿ ಎತ್ತಿಕೊಳ್ಳಲಾಗಿದೆ. ಆ ತಂತ್ರಾಂಶಗಳ ಒಳರಚನೆಯ ವಿಮರ್ಶೆ ಈ ಲೇಖನದ ಉದ್ದೇಶವಲ್ಲ.

ಸಂಸ್ಥಾವಿನ್ಯಾಸದ ಹಿನ್ನೆಲೆ

‘ಎಂಟರ್‌ಪ್ರೈಸ್ ಆರ್ಕಿಟೆಕ್ಚರ್’ ಎಂಬುದನ್ನು ಕನ್ನಡದಲ್ಲಿ ಸಂಸ್ಥಾವಿನ್ಯಾಸ ಎನ್ನಬಹುದು. ಒಂದು ಬ್ಯಾಂಕು, ಕಾರ್ಖಾನೆ ಅಥವಾ ಸರ್ಕಾರಿ ಇಲಾಖೆಯ ಧ್ಯೇಯಗಳು, ಕಾರ್ಯವಿಧಾನಗಳು, ಮಾಹಿತಿ, ತಂತ್ರಾಂಶಗಳು ಮತ್ತು ಯಂತ್ರೋಪಕರಣಗಳನ್ನು ಬಿಡಿಬಿಡಿಯಾಗಿ ನೋಡದೆ ಒಂದೇ ಕಟ್ಟಡದ ಅಂಗಗಳೆಂಬಂತೆ ವಿವರಿಸುವ ಶಿಸ್ತು ಇದು. ಐಬಿಎಂ ಸಂಸ್ಥೆಯಲ್ಲಿದ್ದ ಜಾನ್ ಝಾಕ್ಮನ್ 1987ರಲ್ಲಿ ಆ ಸಂಸ್ಥೆಯ ನಿಯತಕಾಲಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಶಿಸ್ತಿನ ಚರಿತ್ರೆಯನ್ನು ಆರಂಭಿಸುವುದು ವಾಡಿಕೆ. ಮನೆ ಕಟ್ಟುವಾಗ ಮನೆಯೊಡೆಯನಿಗೆ ಬೇಕಾದ ನಕ್ಷೆ ಬೇರೆ, ಶಿಲ್ಪಿಯ ನಕ್ಷೆ ಬೇರೆ, ಗಾರೆ ಕೆಲಸದವನ ನಕ್ಷೆ ಬೇರೆ. ಇವು ಒಂದೇ ನಕ್ಷೆಯ ಹೆಚ್ಚುಕಡಿಮೆ ವಿವರಗಳಲ್ಲ, ಸ್ವಭಾವದಲ್ಲೇ ಬೇರೆಯಾದವು ಎಂಬುದು ಅವರ ಮುಖ್ಯ ಒಳನೋಟ. 1992ರಲ್ಲಿ ಅವರು ಜಾನ್ ಸೋವಾ ಅವರೊಡನೆ ಸೇರಿ ಈ ಚೌಕಟ್ಟನ್ನು ಏನು, ಹೇಗೆ, ಎಲ್ಲಿ, ಯಾರು, ಯಾವಾಗ, ಏಕೆ ಎಂಬ ಆರು ಪ್ರಶ್ನೆಗಳಿಗೆ ವಿಸ್ತರಿಸಿದರು. ಸೋವಾ ಅವರು ಜ್ಞಾನನಿರೂಪಣೆಯ ಕ್ಷೇತ್ರದ ವಿದ್ವಾಂಸರು ಎಂಬುದನ್ನು ಇಲ್ಲಿ ಗಮನಿಸಬೇಕು. ಎರಡು ಶಿಸ್ತುಗಳ ನಂಟು ಇತ್ತೀಚಿನದೇನೂ ಅಲ್ಲ.

ಅಮೆರಿಕದಲ್ಲಿ 1996ರ ಕ್ಲಿಂಗರ್–ಕೋಹೆನ್ ಕಾಯಿದೆಯು ಕೇಂದ್ರ ಸರ್ಕಾರದ ಸಂಸ್ಥೆಗಳು ತಮ್ಮ ಮಾಹಿತಿ ತಂತ್ರಜ್ಞಾನದ ವಿನ್ಯಾಸವನ್ನು ರೂಪಿಸಿಕೊಳ್ಳುವುದನ್ನು ಕರ್ತವ್ಯವನ್ನಾಗಿಸಿತು. ಭಾರತದಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2018ರಲ್ಲಿ ಎಂಟು ಮಾದರಿಗಳನ್ನೊಳಗೊಂಡ ರಾಷ್ಟ್ರೀಯ ಚೌಕಟ್ಟೊಂದನ್ನು ಹೊರತಂದಿತು. ನೆದರ್ಲೆಂಡ್ಸಿನಲ್ಲಿ 2002ರಿಂದ 2004ರವರೆಗೆ ನಡೆದ ಸಂಶೋಧನಾ ಯೋಜನೆಯಿಂದ ‘ಆರ್ಕಿಮೇಟ್’ ಎಂಬ ಚಿತ್ರಭಾಷೆ ಹುಟ್ಟಿತು. 2009ರಲ್ಲಿ ‘ದಿ ಓಪನ್ ಗ್ರೂಪ್’ ಅದನ್ನು ಮಾನಕವನ್ನಾಗಿ ಪ್ರಕಟಿಸಿತು. ಚೌಕಟ್ಟುಗಳ ಪಟ್ಟಿಯನ್ನು ಇನ್ನೂ ಬೆಳೆಸಬಹುದು, ಪ್ರಯೋಜನವಿಲ್ಲ. ಇವೆಲ್ಲವುಗಳ ಸಮಾನ ಕೊರತೆ ಒಂದೇ: ಇವು ಹೆಚ್ಚಾಗಿ ಚಿತ್ರಗಳು. ಚಿತ್ರದಲ್ಲಿ ಎರಡು ಪೆಟ್ಟಿಗೆಗಳ ನಡುವೆ ಎಳೆದ ಗೆರೆಯ ಅರ್ಥವನ್ನು ಎಳೆದವನೇ ಬಲ್ಲ. ಅವನು ವರ್ಗವಾಗಿ ಹೋದ ಮೇಲೆ ಆ ಚಿತ್ರ ಗೋಡೆಯ ಮೇಲಿನ ಅಲಂಕಾರವಾಗಿ ಉಳಿಯುತ್ತದೆ.

ಪದಾರ್ಥವಿಚಾರ ಮತ್ತು ಆಂಟಾಲಜಿ

ಆಂಟಾಲಜಿ ಎಂಬುದು ಮೂಲತಃ ತತ್ತ್ವಶಾಸ್ತ್ರದ ಮಾತು; ಇರುವುದರ ಸ್ವರೂಪವನ್ನು ಕುರಿತ ವಿಚಾರ ಎಂದು ಅದರ ಅರ್ಥ. ಅರಿಸ್ಟಾಟಲನು ಇರುವುದನ್ನೆಲ್ಲ ಹತ್ತು ಪದಾರ್ಥಗಳಾಗಿ ವಿಂಗಡಿಸಿದ. ನಮ್ಮ ವೈಶೇಷಿಕರು ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂಬ ಆರನ್ನು ಎಣಿಸಿದರು. ಮುಂದೆ ಶಿವಾದಿತ್ಯನ ‘ಸಪ್ತಪದಾರ್ಥೀ’ಯಂಥ ಗ್ರಂಥಗಳಲ್ಲಿ ಅಭಾವವೂ ಸೇರಿ ಏಳಾದವು. ಗಣಕವಿಜ್ಞಾನಕ್ಕೆ ಈ ಮಾತು ಬಂದಾಗ ಅದರ ಮಹತ್ತ್ವಾಕಾಂಕ್ಷೆ ಕುಗ್ಗಿತು, ಉಪಯುಕ್ತತೆ ಹೆಚ್ಚಿತು. ಸ್ಟ್ಯಾನ್‌ಫರ್ಡಿನ ಥಾಮಸ್ ಗ್ರೂಬರ್ 1993ರಲ್ಲಿ ನೀಡಿದ ಲಕ್ಷಣದ ತಾತ್ಪರ್ಯವಿಷ್ಟು: ಒಂದು ಸಮುದಾಯವು ತನ್ನ ವ್ಯವಹಾರದ ಜಗತ್ತನ್ನು ಹೇಗೆ ಪರಿಕಲ್ಪಿಸಿಕೊಂಡಿದೆಯೋ ಅದನ್ನು ಮುಚ್ಚುಮರೆಯಿಲ್ಲದೆ ನಿರ್ದೇಶಿಸುವ ಬರಹವೇ ಆಂಟಾಲಜಿ. ಜಗತ್ತಿನಲ್ಲಿ ವಾಸ್ತವವಾಗಿ ಏನಿದೆಯೆಂಬ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಈ ಇಲಾಖೆಯ ಪಾಲಿಗೆ ಏನಿದೆ ಎಂಬುದಷ್ಟೇ ಪ್ರಶ್ನೆ.

ಸಂಸ್ಥೆಗಳ ವಿಷಯದಲ್ಲಿ ಈ ಕಾರ್ಯವನ್ನು ಮೊದಲಿಗೆ ಗಂಭೀರವಾಗಿ ಕೈಗೊಂಡವು ಎರಡು ತಂಡಗಳು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಮೈಕ್ ಉಷೋಲ್ಡ್ ಮತ್ತು ಸಂಗಡಿಗರು ರೂಪಿಸಿ 1998ರಲ್ಲಿ ವಿವರವಾಗಿ ಪ್ರಕಟಿಸಿದ ಆಂಟಾಲಜಿಯು ಕಾರ್ಯ, ಸಂಘಟನೆ, ಕಾರ್ಯತಂತ್ರ, ಮಾರುಕಟ್ಟೆ ಮತ್ತು ಕಾಲ ಎಂಬ ಭಾಗಗಳಲ್ಲಿ ಸಂಸ್ಥೆಯ ಶಬ್ದಗಳಿಗೆ ಲಕ್ಷಣಗಳನ್ನು ಕೊಟ್ಟಿತು. ಟೊರಾಂಟೋದಲ್ಲಿ ಮಾರ್ಕ್ ಫಾಕ್ಸ್ ಮತ್ತು ಮೈಕೆಲ್ ಗ್ರೂನಿಂಗರ್ ಅವರು ‘ಟೋವ್’ ಯೋಜನೆಯಲ್ಲಿ ಇನ್ನೊಂದು ದಾರಿ ಹಿಡಿದರು. ಆಂಟಾಲಜಿಯು ಯಾವ ಪ್ರಶ್ನೆಗಳಿಗೆ ಉತ್ತರಿಸಬಲ್ಲದಾಗಬೇಕು ಎಂಬುದನ್ನು ಮೊದಲೇ ಬರೆದಿಟ್ಟು, ಆ ಪ್ರಶ್ನೆಗಳಿಗೆ ಬೇಕಾದಷ್ಟನ್ನೇ ಕಟ್ಟಬೇಕೆಂದು ಅವರು ವಿಧಿಸಿದರು. ಇವನ್ನು ಅರ್ಹತಾಪ್ರಶ್ನೆಗಳು ಎನ್ನಬಹುದು. ಈ ಎರಡನೆಯ ಕ್ರಮವೇ ಹೆಚ್ಚು ಬಾಳಿಕೆ ಬಂದಿದೆ. ಪ್ರಶ್ನೆಯಿಲ್ಲದೆ ಆರಂಭಿಸಿದ ನಿರೂಪಣೆಗೆ ಕೊನೆಯೆಂಬುದಿಲ್ಲ. ಕಚೇರಿಯ ಕುರ್ಚಿಗಳನ್ನೂ ವರ್ಗೀಕರಿಸುತ್ತಾ ಹೋಗಬಹುದು.

ಭೂದಾಖಲೆಗಳ ಮಟ್ಟಿಗೆ ಅಂಥ ಪ್ರಶ್ನೆಗಳು ಯಾವುವು? ಈ ಕ್ರಯಪತ್ರದಿಂದ ಯಾವ ಯಾವ ಪಹಣಿಗಳು ಬದಲಾಗಬೇಕು? ಪಹಣಿಗಳಲ್ಲಿನ ವಿಸ್ತೀರ್ಣದ ಮೊತ್ತ ಭೂಮಾಪನದ ಆಕಾರ್‌ಬಂದ್‌ಗೆ ತಾಳೆಯಾಗದ ಸರ್ವೆ ನಂಬರುಗಳು ಯಾವುವು? ನೋಂದಣಿಯ ಸರ್ವರ್ ಅರ್ಧ ದಿನ ನಿಂತರೆ ಯಾವ ಸೇವೆಗಳು ನಿಲ್ಲುತ್ತವೆ? ಮೊದಲ ಎರಡು ಪ್ರಶ್ನೆಗಳು ದಾಖಲೆಯನ್ನು ಕುರಿತವು, ಮೂರನೆಯದು ವ್ಯವಸ್ಥೆಯನ್ನು ಕುರಿತದ್ದು. ಸಂಸ್ಥಾವಿನ್ಯಾಸದ ಆಂಟಾಲಜಿಯು ಎರಡನ್ನೂ ಒಂದೇ ಭಾಷೆಯಲ್ಲಿ ಹೇಳಬಲ್ಲದು ಎಂಬುದೇ ಅದರ ಆಕರ್ಷಣೆ.

ನಿರೂಪಣೆಯ ಕ್ರಮ

ಈ ಭಾಷೆಯ ಮೂಲಘಟಕವು ಮೂರು ಪದಗಳ ವಾಕ್ಯ. ‘ಈ ಹಿಸ್ಸೆ – ಭಾಗವಾಗಿದೆ – ಈ ಸರ್ವೆ ನಂಬರಿಗೆ’ ಎಂಬುದೊಂದು ವಾಕ್ಯ. ‘ಹಕ್ಕು ಬದಲಾವಣೆ – ಆಧರಿಸಿದೆ – ಜೆ-ಸ್ಲಿಪ್’ ಎಂಬುದು ಇನ್ನೊಂದು. ಕ್ರಯಪತ್ರ ನೋಂದಣಿಯಾದ ಬಳಿಕ ನೋಂದಣಿ ಕಚೇರಿಯಿಂದ ಕಂದಾಯ ವ್ಯವಸ್ಥೆಗೆ ಹೋಗುವ ಸೂಚನಾಪತ್ರವೇ ಜೆ-ಸ್ಲಿಪ್. ಇಂಥ ಸಹಸ್ರಾರು ವಾಕ್ಯಗಳ ಮೇಲೆ ವರ್ಗಗಳ ಲಕ್ಷಣಗಳನ್ನೂ ನಿಯಮಗಳನ್ನೂ ಹೇರಲು ‘ಆವ್ಲ್’ ಎಂಬ ಭಾಷೆ ಬಳಕೆಯಲ್ಲಿದೆ. ವಿಶ್ವವ್ಯಾಪಿ ಜಾಲದ ಒಕ್ಕೂಟವು 2004ರಲ್ಲಿ ಇದನ್ನು ಮಾನಕವೆಂದು ಶಿಫಾರಸು ಮಾಡಿ, 2009ರಲ್ಲಿ ಪರಿಷ್ಕರಿಸಿತು. ‘ರೀಸನರ್’ ಎಂಬ ತರ್ಕ ತಂತ್ರಾಂಶವು ಈ ವಾಕ್ಯಗಳಿಂದ ಬರೆಯದೆ ಉಳಿದ ಫಲಿತಗಳನ್ನು ಹೊರಡಿಸುತ್ತದೆ. ವಾಕ್ಯಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಅದನ್ನೂ ಹೇಳುತ್ತದೆ.

ವರ್ಗಗಳನ್ನು ಗುರುತಿಸುವುದೇ ಕಠಿಣವಾದ ಕೆಲಸ. ಭೂ ಆಡಳಿತದ ಮಟ್ಟಿಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 2012ರಲ್ಲಿ ಪ್ರಕಟಿಸಿದ 19152ನೆಯ ಮಾನಕವು ಒಂದು ದಾರಿ ತೋರಿಸಿದೆ. ಅದು ನಾಲ್ಕನ್ನು ಬೇರ್ಪಡಿಸುತ್ತದೆ: ಪಕ್ಷಕಾರ, ಹಕ್ಕು, ನಿರ್ಬಂಧ ಹಾಗೂ ಹೊಣೆ, ಆಡಳಿತದ ಘಟಕ, ನೆಲದ ಘಟಕ. ಮೂಲತಃ ಚಿತ್ರಭಾಷೆಯಲ್ಲಿರುವ ಮಾನಕವೇ ಇದಾದರೂ ಇಲ್ಲಿನ ವಿಂಗಡಣೆ ತಾತ್ತ್ವಿಕವಾಗಿ ಬಲವಾದುದು. ಲೇಖನದ ಆರಂಭದಲ್ಲಿ ಹೇಳಿದ ಮೂರು ‘ಜಮೀನು’ಗಳನ್ನು ಇದರ ಮೇಲಿಟ್ಟು ನೋಡಿದರೆ, ಹಿಸ್ಸೆಯ ತುಂಡು ನೆಲದ ಘಟಕವೆಂದೂ ಪಹಣಿಯ ವಿಷಯ ಆಡಳಿತದ ಘಟಕವೆಂದೂ ತಿಳಿಯುತ್ತದೆ. ಕ್ರಯಪತ್ರವು ಇವೆರಡೂ ಅಲ್ಲ. ಅದು ಹಕ್ಕೊಂದು ಒಬ್ಬರಿಂದ ಇನ್ನೊಬ್ಬರಿಗೆ ಸಂದ ಘಟನೆಗೆ ಆಧಾರವಾದ ಪತ್ರ. ಹಾಗಿದ್ದ ಮೇಲೆ ‘ಕ್ರಯಪತ್ರದ ಜಮೀನು’ ಮತ್ತು ‘ಪಹಣಿಯ ಜಮೀನು’ ಇವುಗಳ ಅಂಕಣಗಳನ್ನು ನೇರವಾಗಿ ಒಂದಕ್ಕೊಂದು ಹೊಂದಿಸಹೊರಡುವುದು ಪತ್ರವನ್ನೂ ನೆಲವನ್ನೂ ಒಂದೇ ಎಂದು ಭ್ರಮಿಸಿದಂತೆ.

ಇದಕ್ಕಿಂತ ಸೂಕ್ಷ್ಮವಾದುದು ಹಕ್ಕು ಮತ್ತು ಹಕ್ಕಿನ ದಾಖಲೆಯ ನಡುವಿನ ಭೇದ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣದಂತೆ ಪಹಣಿಯ ನಮೂದನ್ನು, ಅದು ತಪ್ಪೆಂದು ಸಾಬೀತಾಗುವವರೆಗೆ, ಸತ್ಯವೆಂದು ಭಾವಿಸಬೇಕು. ಅಂದರೆ ಪಹಣಿಯು ಹಕ್ಕನ್ನು ಸೃಷ್ಟಿಸುವುದಿಲ್ಲ. ಹಕ್ಕಿನ ಬಗ್ಗೆ ಒಂದು ಹೇಳಿಕೆಯನ್ನು ಮಾಡುತ್ತದೆ. ಆಂಟಾಲಜಿಯಲ್ಲಿ ‘ಈತ ಮಾಲೀಕ’ ಎಂದು ಬರೆಯುವುದಕ್ಕೂ ‘ಈತ ಮಾಲೀಕನೆಂದು ಈ ದಾಖಲೆ ಈ ದಿನಾಂಕದಿಂದ ಹೇಳುತ್ತದೆ’ ಎಂದು ಬರೆಯುವುದಕ್ಕೂ ಅಜಗಜಾಂತರವಿದೆ. ಮೊದಲನೆಯದು ಚಿಕ್ಕದು, ಸುಲಭವಾದುದು. ಆದರೆ ಕ್ರಯಪತ್ರ ನೋಂದಣಿಯಾಗಿ ಪಹಣಿಯಲ್ಲಿ ಹೆಸರು ಬದಲಾಗದಿರುವ ಅವಧಿಯಲ್ಲಿ ಅದು ಇಬ್ಬರು ಮಾಲೀಕರನ್ನು ತೋರಿಸಿ ಗೊಂದಲಕ್ಕೆ ಬೀಳುತ್ತದೆ. ಎರಡನೆಯದರಲ್ಲಿ ಗೊಂದಲವಿಲ್ಲ: ಎರಡು ದಾಖಲೆಗಳು ಎರಡು ಮಾತು ಹೇಳುತ್ತಿವೆ ಎಂಬ ಸಂಗತಿಯೇ ಅಲ್ಲಿ ನಿರೂಪಿತವಾಗುತ್ತದೆ. ಆ ಅವಧಿಯಲ್ಲೇ ಸಾಲಕ್ಕೆ ಅರ್ಜಿ ಹಾಕಿದ ರೈತನಿಗೆ ಈ ಭೇದ ತತ್ತ್ವಜಿಜ್ಞಾಸೆಯಾಗಿ ಉಳಿಯದು.

ಪಕ್ಷಕಾರ ಎಂಬ ವರ್ಗವೂ ಸರಳವಲ್ಲ. ಮಾಲೀಕನೆಂದರೆ ಮನುಷ್ಯ ಅಥವಾ ಸಂಸ್ಥೆ ಎಂದು ಲಕ್ಷಣ ಬರೆದರೆ ಕರ್ನಾಟಕದಲ್ಲಿ ಕೂಡಲೇ ತೊಡಕು ಹುಟ್ಟುತ್ತದೆ. ಇಲ್ಲಿ ದೇವರ ಹೆಸರಿನಲ್ಲಿ ಜಮೀನುಗಳಿವೆ. ಪ್ರತಿಷ್ಠಾಪಿತ ದೇವತೆಯು ಕಾನೂನಿನ ದೃಷ್ಟಿಯಲ್ಲಿ ನ್ಯಾಯಿಕ ವ್ಯಕ್ತಿ ಎಂಬುದನ್ನು ಪ್ರಿವಿ ಕೌನ್ಸಿಲ್ 1925ರಲ್ಲೇ ಎತ್ತಿಹಿಡಿದಿತ್ತು. ಮಧ್ಯಪ್ರದೇಶದ ದೇವಾಲಯಗಳ ಭೂಮಿಯ ಪ್ರಕರಣದಲ್ಲಿ 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾಲೀಕತ್ವ ದೇವತೆಯದೇ, ಪೂಜಾರಿ ನಿರ್ವಾಹಕ ಮಾತ್ರ ಎಂದು ತೀರ್ಪಿತ್ತಿತು. ಹಾಗೆಂದು ದೇವರನ್ನು ಮನುಷ್ಯರ ವರ್ಗಕ್ಕೆ ಸೇರಿಸಿದರೆ, ಪ್ರತಿಯೊಬ್ಬನಿಗೂ ತಂದೆಯ ಹೆಸರು ಇರಬೇಕೆಂಬ ನಿಯಮವು ದೇವರ ತಂದೆಯ ಹೆಸರನ್ನೂ ಕೇಳತೊಡಗುತ್ತದೆ. ನಗೆ ತರಿಸುವ ಸಂಗತಿಯೇ. ಆದರೆ ಇಂಥ ನಿಯಮವನ್ನು ದಾಟಲು ಯಾರಾದರೂ ಆ ಜಾಗದಲ್ಲಿ ಅರ್ಚಕನ ಹೆಸರನ್ನು ತುಂಬಿದರೆ ಆಗುವುದು ನಗೆಯಲ್ಲ. ನ್ಯಾಯಿಕ ವ್ಯಕ್ತಿ ಎಂಬ ಮೇಲುವರ್ಗವನ್ನು ಕಲ್ಪಿಸಿ, ಮಾಲೀಕ ಮತ್ತು ನಿರ್ವಾಹಕ ಎಂಬುವನ್ನು ಎರಡು ಪಾತ್ರಗಳಾಗಿ ಬೇರ್ಪಡಿಸುವುದೇ ಇದಕ್ಕೆ ಸರಿಯಾದ ಪರಿಹಾರ.

ಈ ಭಾಷೆಯಲ್ಲಿ ಹೊಸಬರನ್ನು ಬೆಚ್ಚಿಬೀಳಿಸುವ ಒಂದು ಲಕ್ಷಣವಿದೆ. ‘ಮಾಲೀಕತ್ವದ ಕರ್ತೃ ವ್ಯಕ್ತಿಯೇ ಆಗಿರಬೇಕು’ ಎಂದು ಬರೆದ ನಿಯಮವು ತಪ್ಪು ನಮೂದನ್ನು ತಡೆಯುವುದಿಲ್ಲ. ಕೈತಪ್ಪಿನಿಂದ ಆ ಸ್ಥಾನದಲ್ಲಿ ಒಂದು ಹೊಲವನ್ನು ಇಟ್ಟರೆ, ಆ ಹೊಲವೂ ಒಬ್ಬ ವ್ಯಕ್ತಿ ಎಂದು ಯಂತ್ರವು ನಿರ್ವಿಕಾರವಾಗಿ ತೀರ್ಮಾನಿಸುತ್ತದೆ. ವ್ಯಕ್ತಿಯು ಹೊಲವಲ್ಲ, ಹೊಲವು ವ್ಯಕ್ತಿಯಲ್ಲ ಎಂದು ಬೇರೆಯಾಗಿ ಹೇಳಿದ ಮೇಲೆಯೇ ವಿರೋಧ ಕಾಣಿಸಿಕೊಳ್ಳುವುದು. ಘಟವು ಪಟವಲ್ಲ ಎಂಬ ಅನ್ಯೋನ್ಯಾಭಾವವನ್ನು ನೈಯಾಯಿಕರು ಪ್ರತ್ಯೇಕವಾಗಿ ಎಣಿಸಿದ್ದರ ಔಚಿತ್ಯ ಇಲ್ಲಿ ಮನವರಿಕೆಯಾಗುತ್ತದೆ.

ವಿಶ್ಲೇಷಣೆ

ನಿರೂಪಣೆ ಸಿದ್ಧವಾದ ಮೇಲೆ ಅದನ್ನು ಪ್ರಶ್ನಿಸಬಹುದು. ಕಾವೇರಿಯ ತಂತ್ರಾಂಶವು ಒಂದು ಸರ್ವರನ್ನು ಆಧರಿಸಿದೆ; ಕ್ರಯಪತ್ರದ ನೋಂದಣಿಯು ಆ ತಂತ್ರಾಂಶವನ್ನು, ಜೆ-ಸ್ಲಿಪ್ ಆ ನೋಂದಣಿಯನ್ನು, ಹಕ್ಕು ಬದಲಾವಣೆಯು ಆ ಜೆ-ಸ್ಲಿಪ್ಪನ್ನು ಆಧರಿಸಿವೆ. ‘ಆಧರಿಸಿದೆ’ ಎಂಬುದು ಒಂದರಿಂದ ಇನ್ನೊಂದಕ್ಕೆ ದಾಟುವ ಸಂಬಂಧವೆಂದು ಘೋಷಿಸಿದರೆ, ಸರ್ವರ್ ನಿಂತಾಗ ಹಕ್ಕು ಬದಲಾವಣೆಯೂ ತಡೆಯುತ್ತದೆಂಬುದನ್ನು ಯಾರೂ ಬರೆಯದಿದ್ದರೂ ಯಂತ್ರವೇ ಹೊರಡಿಸುತ್ತದೆ. ಮೂರು ಇಲಾಖೆಗಳು ತಮ್ಮ ತಮ್ಮ ಪಾಲಿನ ವಾಕ್ಯಗಳನ್ನು ಮಾತ್ರ ಬರೆದಿದ್ದರೂ ಸಾಕು. ಸರಪಳಿಯನ್ನು ಪೂರ್ತಿಯಾಗಿ ಕಂಡ ಅಧಿಕಾರಿ ಒಬ್ಬನೂ ಇರಬೇಕಾಗಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಅಂಥವನು ಸಾಮಾನ್ಯವಾಗಿ ಇರುವುದೂ ಇಲ್ಲ.

ಆದರೆ ಎಚ್ಚರ ಬೇಕು. ನೋಂದಣಿ ಕಚೇರಿಯ ಮುದ್ರಣಯಂತ್ರವನ್ನೂ ‘ಆಧರಿಸಿದೆ’ ಎಂಬ ಅದೇ ಸಂಬಂಧದಿಂದ ಕಟ್ಟಿದರೆ, ಅದರ ಶಾಯಿ ಮುಗಿದಾಗ ರಾಜ್ಯದ ಹಕ್ಕು ಬದಲಾವಣೆಗಳೆಲ್ಲ ನಿಲ್ಲುತ್ತವೆಂಬ ವರದಿ ಬರುತ್ತದೆ. ಯಾವುದನ್ನೂ ಬಿಡದೆ ಎಲ್ಲದಕ್ಕೂ ಗಂಟೆ ಬಾರಿಸುವ ಇಂಥ ವರದಿಯನ್ನು ಎರಡನೆಯ ವಾರದಿಂದ ಯಾರೂ ಓದುವುದಿಲ್ಲ. ಇಲ್ಲದಿದ್ದರೆ ಕಾರ್ಯ ನಿಲ್ಲುವಂಥ ಆಧಾರ, ಇಲ್ಲದಿದ್ದರೆ ಕಾರ್ಯ ನಿಧಾನವಾಗುವಂಥ ಆಧಾರ, ಬದಲಿಯಿರುವ ಆಧಾರ ಎಂದು ಸಂಬಂಧವನ್ನೇ ಒಡೆದು, ಮೊದಲನೆಯದಕ್ಕೆ ಮಾತ್ರ ದಾಟುವ ಗುಣವನ್ನು ಕೊಡಬೇಕಾಗುತ್ತದೆ. ಆರ್ಕಿಮೇಟ್ ಭಾಷೆಯಲ್ಲೂ ಇದಕ್ಕೆ ಸಮೀಪದ ವಿವೇಚನೆಯಿದೆ: ಅಲ್ಲಿನ ಸಂಬಂಧಗಳಿಗೆ ಬಲಾಬಲಗಳ ಕ್ರಮವಿದ್ದು, ರಚನಾಸಂಬಂಧಗಳ ಸರಪಳಿಯಿಂದ ಫಲಿಸುವ ಸಂಬಂಧವು ಅದರ ಅತಿ ದುರ್ಬಲ ಕೊಂಡಿಯ ಬಲವನ್ನಷ್ಟೇ ಪಡೆಯುತ್ತದೆ. 2019ರ 3.1ನೆಯ ಆವೃತ್ತಿಯು ಖಚಿತವಾಗಿ ಫಲಿಸುವುದನ್ನೂ ಫಲಿಸಬಹುದಾದುದನ್ನೂ ಬೇರೆಬೇರೆಯಾಗಿ ನಿಯಮಿಸಿತು.

ಲೆಕ್ಕದ ಪ್ರಶ್ನೆ ಬಂದಾಗ ತರ್ಕಭಾಷೆಯ ಮಿತಿ ತಿಳಿಯುತ್ತದೆ. ಒಂದು ಸರ್ವೆ ನಂಬರಿನ ಹಿಸ್ಸೆಗಳ ವಿಸ್ತೀರ್ಣವನ್ನು, ಖರಾಬನ್ನೂ ಸೇರಿಸಿ ಕೂಡಿದರೆ ಆಕಾರ್‌ಬಂದ್‌ನ ಮೊತ್ತಕ್ಕೆ ಸರಿಯಾಗಬೇಕು. ನಲವತ್ತು ಗುಂಟೆಗೆ ಒಂದು ಎಕರೆ ಎಂಬ ಸರಳ ಸಂಕಲನ ಇದು. ಆದರೆ ಆವ್ಲ್ ಭಾಷೆಯಲ್ಲಿ ಕೂಡಿಸುವ ಸೌಲಭ್ಯವಿಲ್ಲ. ಅದಕ್ಕೆ ‘ಸ್ಪಾರ್ಕಲ್’ ಎಂಬ ಪ್ರಶ್ನಾಭಾಷೆಯನ್ನು, ಅದರಲ್ಲೂ ಮೊತ್ತ ಮಾಡುವ ಸಾಮರ್ಥ್ಯವನ್ನು ಪಡೆದ 2013ರ ಆವೃತ್ತಿಯನ್ನು ಆಶ್ರಯಿಸಬೇಕು. ಆಂಟಾಲಜಿಯೊಂದೇ ಎಲ್ಲವನ್ನೂ ಮಾಡುತ್ತದೆಂಬ ಉತ್ಸಾಹದ ಮಾತುಗಳನ್ನು ಓದುವಾಗ ಈ ಚಿಕ್ಕ ಸಂಗತಿ ನೆನಪಿನಲ್ಲಿರಬೇಕು.

ಅಭಾವದ ಪ್ರಶ್ನೆ

ಪಹಣಿಯೊಂದರ 11ನೆಯ ಅಂಕಣ ಖಾಲಿಯಿದೆ ಎಂದಿಟ್ಟುಕೊಳ್ಳೋಣ. ಜಮೀನಿನ ಮೇಲೆ ಸಾಲವಿಲ್ಲವೆಂದು ಅರ್ಥವೇ? ಸಾಮಾನ್ಯ ದತ್ತಸಂಚಯವು ಹೌದೆನ್ನುತ್ತದೆ. ಅದರ ಪಾಲಿಗೆ ಬರೆಯದಿರುವುದು ಇಲ್ಲದಿರುವುದು. ಆವ್ಲ್ ಭಾಷೆಯ ತರ್ಕವು ಹಾಗೆನ್ನುವುದಿಲ್ಲ. ಬರೆಯದಿರುವುದು ತಿಳಿಯದಿರುವುದು ಮಾತ್ರ, ಸಾಲವಿದ್ದರೂ ಇರಬಹುದು. ಮೊದಲನೆಯದನ್ನು ಮುಚ್ಚಿದ ಜಗತ್ತಿನ ಊಹೆಯೆಂದೂ ಎರಡನೆಯದನ್ನು ತೆರೆದ ಜಗತ್ತಿನ ಊಹೆಯೆಂದೂ ಕರೆಯುತ್ತಾರೆ. ಯಾವುದು ಸರಿಯೆಂಬುದು ತರ್ಕದಿಂದ ತೀರ್ಮಾನವಾಗುವ ವಿಷಯವಲ್ಲ. ಸಂಗ್ರಹವು ಪರಿಪೂರ್ಣವೆಂದು ಯಾರಾದರೂ ಹೊಣೆ ಹೊತ್ತಿದ್ದಾರೆಯೇ ಎಂಬುದರ ಮೇಲೆ ಅದು ನಿಂತಿದೆ.

ಅಭಾವವನ್ನು ಒಂದು ಪದಾರ್ಥವೆಂದೇ ಎಣಿಸಿದ ನಮ್ಮ ಶಾಸ್ತ್ರಕಾರರು ಅದರಲ್ಲಿ ಪ್ರಭೇದಗಳನ್ನು ಗುರುತಿಸಿದ್ದರು: ಹುಟ್ಟುವ ಮುನ್ನಿನದು ಪ್ರಾಗಭಾವ, ನಾಶವಾದ ಮೇಲಿನದು ಪ್ರಧ್ವಂಸಾಭಾವ, ಎಂದೆಂದೂ ಇಲ್ಲದಿರುವುದು ಅತ್ಯಂತಾಭಾವ. ಖಾಲಿ ಅಂಕಣದ ಹಿಂದೆ ಇವೆಲ್ಲವೂ ಅಡಗಿರಬಹುದು. ಸಾಲವನ್ನು ತೆಗೆದೇ ಇಲ್ಲದಿರಬಹುದು. ತೆಗೆದು ತೀರಿಸಿ ನಮೂದನ್ನು ಅಳಿಸಿರಬಹುದು. ಮಂಜೂರಾಗಿದ್ದು ಇನ್ನೂ ನಮೂದಾಗದಿರಬಹುದು. ಈ ಕೊನೆಯದರಲ್ಲಿ ಸಾಲವಿದೆ, ನಮೂದಿಗೆ ಮಾತ್ರ ಪ್ರಾಗಭಾವ. ಕೊಳ್ಳುವವನಿಗೆ ಈ ಮೂರೂ ಒಂದೇ ಖಾಲಿ ಜಾಗವಾಗಿ ಕಾಣುತ್ತವೆ. ಅವನು ಕೊಡುವ ಹಣದ ಗತಿ ಮಾತ್ರ ಮೂರರಲ್ಲೂ ಬೇರೆ. ಒಳ್ಳೆಯ ನಿರೂಪಣೆಯಲ್ಲಿ ‘ಈ ದಿನಾಂಕದವರೆಗೆ ಪರಿಶೀಲಿಸಲಾಗಿದೆ, ಋಣವಿಲ್ಲ’ ಎಂಬುದು ಸ್ವತಂತ್ರವಾದ ವಾಕ್ಯವಾಗಿರಬೇಕು, ಮೌನವಾಗಿರಬಾರದು. ತುಂಬಲೇಬೇಕಾದ ವಿವರಗಳು ತುಂಬಿವೆಯೇ ಎಂದು ಪರೀಕ್ಷಿಸಲು 2017ರಲ್ಲಿ ‘ಶ್ಯಾಕಲ್’ ಎಂಬ ಇನ್ನೊಂದು ಭಾಷೆ ಮಾನಕವಾಯಿತು. ಈಗಿನ ಬಳಕೆಯಲ್ಲಿ ತರ್ಕಕ್ಕೆ ಆವ್ಲ್, ತಪಾಸಣೆಗೆ ಶ್ಯಾಕಲ್ ಎಂಬ ಜೋಡಿಯೇ ಹಿತವಾದುದು.

ಹೆಸರುಗಳ ವಿಷಯದಲ್ಲೂ ಇಂಥದೇ ಸಂಯಮ ಅಗತ್ಯ. ಒಂದು ದಾಖಲೆಯಲ್ಲಿ ‘ನಂಜಪ್ಪ’, ಇನ್ನೊಂದರಲ್ಲಿ ‘ನಂಜುಂಡಪ್ಪ’ ಎಂದಿದ್ದರೆ ಅವರು ಇಬ್ಬರೆಂದು ಆವ್ಲ್ ಊಹಿಸುವುದಿಲ್ಲ, ಒಬ್ಬನೆಂದೂ ಊಹಿಸುವುದಿಲ್ಲ. ಇದು ಗುಣವೇ ಸರಿ. ಆದರೆ ‘ಒಂದು ಹಿಸ್ಸೆಗೆ ಒಬ್ಬನೇ ಸ್ವಾಧೀನದಾರ’ ಎಂದು ಯಾರಾದರೂ ಅವಸರದಲ್ಲಿ ನಿಯಮ ಬರೆದರೆ ಪರಿಣಾಮ ವಿಪರೀತವಾಗುತ್ತದೆ. ಅದೇ ಹಿಸ್ಸೆಯ ಪಹಣಿಯಲ್ಲಿ ಜಂಟಿಯಾಗಿ ಹೆಸರಿರುವ ಅಣ್ಣತಮ್ಮಂದಿರನ್ನು ಕಂಡಾಗ ಯಂತ್ರವು ದೋಷವಿದೆ ಎನ್ನುವುದಿಲ್ಲ. ಇಬ್ಬರೂ ಒಬ್ಬನೇ ಎಂದು ತೀರ್ಮಾನಿಸುತ್ತದೆ, ಅಣ್ಣನ ಸಾಲವನ್ನು ತಮ್ಮನಿಗೂ ಹೊರಿಸುತ್ತದೆ. ಪೋಡಿಯಾಗದೆ ಹಲವರ ಹೆಸರಿನಲ್ಲಿ ಒಟ್ಟಾಗಿರುವ ಪಹಣಿಗಳು ಕರ್ನಾಟಕದಲ್ಲಿ ಅಪರೂಪವಲ್ಲವೆಂಬುದನ್ನು ಬಲ್ಲವನು ಇಂಥ ನಿಯಮವನ್ನು ಬರೆಯಲಾರ. ತರ್ಕಶಾಸ್ತ್ರವನ್ನು ಮಾತ್ರ ಬಲ್ಲವನು ಬರೆದಾನು. ಆದ್ದರಿಂದ ಈ ಕಾರ್ಯಕ್ಕೆ ಗಣಕತಜ್ಞನಷ್ಟೇ ತಾಲ್ಲೂಕು ಕಚೇರಿಯ ಅನುಭವಿ ಗುಮಾಸ್ತನೂ ಅಗತ್ಯ. ಇಬ್ಬರೂ ಒಂದೇ ಮೇಜಿನ ಬಳಿ ಕುಳಿತು ಜಗಳವಾಡುವುದು ಇನ್ನೂ ಅಗತ್ಯ. ಸರ್ವೆ ಸಿಬ್ಬಂದಿಯು ವಿಸ್ತೀರ್ಣವೆಂದರೆ ಖರಾಬನ್ನು ಸೇರಿಸಿದ್ದೆಂದೂ ಕಂದಾಯದವರು ಅದನ್ನು ಕ಺ಳೆದದ್ದೆಂದೂ ತಿಳಿದಿದ್ದರೆ, ಆ ಭೇದ ಹೊರಬೀಳುವುದು ಇಂಥ ಜಗಳದಲ್ಲಿಯೇ.

ಪಾಲನೆ

ಆಂಟಾಲಜಿಗಳು ಸೋಲುವುದು ಬಹುಮಟ್ಟಿಗೆ ತರ್ಕದೋಷದಿಂದಲ್ಲ, ಮುಪ್ಪಿನಿಂದ. ಹೊಸ ಸುತ್ತೋಲೆಯೊಂದು ಬಂದು ಕಾರ್ಯವಿಧಾನದ ಒಂದು ಹೆಜ್ಜೆ ಬದಲಾಗುತ್ತದೆ. ತಂತ್ರಾಂಶವನ್ನು ತಿದ್ದುತ್ತಾರೆ, ನಿರೂಪಣೆಯನ್ನು ತಿದ್ದುವುದಿಲ್ಲ. ಸರ್ವೆ ನಂಬರಿನ ಭಾಗವೊಂದನ್ನು ಮಾರುವಾಗ ನೋಂದಣಿಗೆ ಮುನ್ನ 11ಇ ನಕ್ಷೆ ಬೇಕೆಂಬ ಏರ್ಪಾಡು ಬಂದಾಗ ನೋಂದಣಿಯು ಭೂಮಾಪನವನ್ನು ಆಧರಿಸತೊಡಗಿತು. ಆಧಾರದ ಗೆರೆ ಹೊಸ ದಿಕ್ಕಿಗೆ ತಿರುಗಿತು. ಇಂಥ ಬದಲಾವಣೆಯನ್ನು ಅಂದೇ ದಾಖಲಿಸುವ ಹೊಣೆ ಹೆಸರಿಡಿದು ಒಬ್ಬರ ಮೇಲಿರದಿದ್ದರೆ, ಎರಡು ವರ್ಷಗಳ ಬಳಿಕ ಯಂತ್ರವು ಹಳೆಯ ಜಗತ್ತಿನ ಬಗ್ಗೆ ನಿರ್ದುಷ್ಟವಾದ ಉತ್ತರಗಳನ್ನು ಕೊಡುತ್ತಿರುತ್ತದೆ. ಚಿತ್ರ ಹಳತಾದರೆ ನೋಡಿದವರಿಗೆ ಸಂಶಯ ಬರುತ್ತದೆ. ತರ್ಕದ ಫಲಿತಾಂಶ ಹಳತಾದರೆ ಸಂಶಯ ಬರುವುದಿಲ್ಲ; ಅಪಾಯವಿರುವುದು ಅಲ್ಲಿ.

ಹಾಗೆಯೇ ಯಂತ್ರದ ಅಧಿಕಾರ ಎಲ್ಲಿಗೆ ಮುಗಿಯುತ್ತದೆಂಬುದೂ ಸ್ಪಷ್ಟವಿರಬೇಕು. ಪಹಣಿಗಳ ಮೊತ್ತ ಆಕಾರ್‌ಬಂದ್‌ಗಿಂತ ಮೂರು ಗುಂಟೆ ಹೆಚ್ಚಿದೆ ಎಂಬುದನ್ನು ಅದು ಕ್ಷಣಮಾತ್ರದಲ್ಲಿ ಪಟ್ಟಿ ಮಾಡಿ ಕೊಟ್ಟೀತು. ಆ ಮೂರು ಗುಂಟೆ ಯಾರ ಹೆಸರಿನಿಂದ ಕಳೆಯಬೇಕೆಂಬುದಕ್ಕೆ ನಿರೂಪಣೆಯಲ್ಲಿ ಉತ್ತರವಿಲ್ಲ. ಅದಕ್ಕೆ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗಬೇಕು, ಭೂಮಾಪಕ ಹೊಲಕ್ಕೆ ಬರಬೇಕು, ಗಡಿಕಲ್ಲುಗಳನ್ನು ಹುಡುಕಿ ಅಳೆಯಬೇಕು, ತಕರಾರಿದ್ದವರ ಮಾತು ಕೇಳಬೇಕು. ಅಲ್ಲಿ ಆದ ತೀರ್ಮಾನವು ಮೂರು ಇಲಾಖೆಗಳ ದಾಖಲೆಗಳಿಗೂ ಹಿಂದಿರುಗಿ ಬಂದ ದಿನವೇ ಆ ಸರ್ವೆ ನಂಬರಿನ ಹೆಸರು ಪಟ್ಟಿಯಿಂದ ಹೋಗುವುದು.